ಪಿಂತ್ಯನ ಕಫ

ಜಹಾರಿಯಾನ ಮೊದಲ ಗುದ್ದು ಪಿಂತ್ಯನ ಪಕ್ಕೆಗೆ ಬಿತ್ತು. ಎರಡನೆಯದು ಬೆನ್ನಿಗೆ. ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ ಮೇಲೆ ಮುದುಕ ತಾನಾಗಿಯೇ ಕೆಮ್ಮತೊಡಗಿದ.

"ಆಳದಿಂದ ಕೆಮ್ಮೋ, ಮುದಿಯಾ! ಎಂಜಲು ಯಾರಿಗೆ ಬೇಕು? ಕಫ ತೆಗಿ!"

ಪಿಂತ್ಯ ಪ್ಲಾಸ್ಟಿಕ್ ಚೂರಿನೊಳಗೆ ಉಗಿದ. ಕಫದಲ್ಲಿ ರಕ್ತದ ಎಳೆಯಿತ್ತು.

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲೋ ಮಾರಾಯ," ಎಂದು ತುಟಿಯ ಹಳೇ ಗಾಯ ಒರೆಸಿಕೊಂಡ. "ಎಲ್ರೂ ಹೊಡೆದೇ ಕೇಳ್ತೀರಿ."

ಪಿಂತ್ಯನಿಗೆ ಕ್ಷಯವೆಂದು ಆ ಮೊಲ್ಡೋವಾ ಜೈಲಿಗೆಲ್ಲ ಗೊತ್ತು, ಡಾಕ್ಟರಿಗೊಬ್ಬರಿಗೆ ಗೊತ್ತಿಲ್ಲ. ಈಸ್ಟರ್‌ಗೆ ಬಿಡುಗಡೆ, ರೋಗ ಬಯಲಾದರೆ ಎಲ್ಲಿ ಇಲ್ಲೇ ಇರಿಸಿಕೊಳ್ಳುತ್ತಾರೋ ಎಂದು ಅವನ ಹೆದರಿಕೆ. ಉಳಿದವರ ಆಸೆಯೇ ಬೇರೆ. ರೋಗಿಗಳಿಗೆ ಪ್ರತ್ಯೇಕ ಕಟ್ಟಡ, ಹಾಲು, ಬೆಣ್ಣೆ. ಹಾಗಾಗಿ ಗಟ್ಟಿಮುಟ್ಟಾದವರೂ ಅವನ ಕಫಕ್ಕೆ ಕೈಚಾಚುತ್ತಾರೆ.

ಜಹಾರಿಯಾನಿಗೆ ಹಾಲು ಬೇಕಿರಲಿಲ್ಲ. ಜೀವ ಉಳಿದರೆ ಸಾಕಾಗಿತ್ತು.

ಕಳೆದ ವಾರ ದಾಳದಾಟದ ಜಗಳದಲ್ಲಿ ಅವನು ರುಸ್ನಾಕನ ಕಿವಿಯನ್ನು ಕಚ್ಚಿ ಹರಿದಿದ್ದ.

"ಬರೋ ಭಾನುವಾರ ಸ್ನಾನದ ಮನೇಲಿ ನಿನ್ನ ಕತ್ತು ಕುಯ್ತೀನಿ!" ರಕ್ತ ಸುರಿಯುತ್ತಿದ್ದರೂ ರುಸ್ನಾಕ್ ಅಬ್ಬರಿಸಿದ್ದ.

"ಅಷ್ಟರಲ್ಲಿ ನಿನ್ನ ಕರುಳು ಬಗೆದು ನಾಯಿಗೆ ಹಾಕಿರ್ತೀನಿ!" ಜಹಾರಿಯಾನೂ ಸೋತಿರಲಿಲ್ಲ, ಬಾಯಲ್ಲಿ.

ಆದರೆ ರುಸ್ನಾಕ್ ಈಗಾಗಲೇ ಮೂವರನ್ನು ಕೊಂದವನು. ಮೂರು ದಿನದಿಂದ ಅವನು ಕಣ್ಣಿಗೇ ಬಿದ್ದಿರಲಿಲ್ಲ. ಶಿಕ್ಷೆಯ ಕೋಣೆಗೆ ಹಾಕಿದ್ದಾರೆ ಎಂದರು ಯಾರೋ. ಅಲ್ಲಿ ಕೂತು ಚಾಕು ಮಸೆಯುತ್ತಿದ್ದಾನೆ ಎಂದೇ ಜಹಾರಿಯಾ ನಂಬಿದ. ಅನ್ನಾಹಾರ ಸೇರಲಿಲ್ಲ. ಇವತ್ತಾಗಲೇ ಶುಕ್ರವಾರ.

ಡಾಕ್ಟರ್ ಆಗಾಫಿಯಾ ಎದುರಿಗೇ ನಿಂತು ಕಫ ಉಗಿಸುವ ಹೆಂಗಸು. ಜಹಾರಿಯಾ ಪ್ಲಾಸ್ಟಿಕ್ ಗಂಟನ್ನು ದವಡೆಯಲ್ಲಿಟ್ಟುಕೊಂಡು ಹೋದ. ಕೆಮ್ಮುತ್ತ ಕಚ್ಚಿ ಒಡೆದು ಡಬ್ಬಿಗೆ ಉಗಿದ. ಪ್ರಾಣಕ್ಕೆ ಬಂದಾಗ ಹೇಸಿಗೆ ನೋಡುವುದುಂಟೆ?

ಹಿಂದೆಲ್ಲ ವಾರಗಟ್ಟಲೆ ಕಾಯಬೇಕಿತ್ತು. ಈಗಿನ ಯಂತ್ರ ಎರಡೇ ಗಂಟೆಯಲ್ಲಿ ರೋಗದ ಜಾತಕ ತೆಗೆಯುತ್ತದೆ: ಕ್ಷಯ ಇದೆಯೋ ಇಲ್ಲವೋ, ಇದ್ದರೆ ಮದ್ದಿಗೆ ಬಗ್ಗುತ್ತದೋ ಇಲ್ಲವೋ.

"ಕ್ಷಯ ಇದೆ ಕಣಪ್ಪಾ," ಎಂದರು ಡಾಕ್ಟರ್. "ಅದೂ ಮುಖ್ಯ ಮಾತ್ರೆಗೆ ಬಗ್ಗೋ ಜಾತಿಯಲ್ಲ."

ಜಹಾರಿಯಾ ಕಷ್ಟಪಟ್ಟು ಮುಖ ಬಾಡಿಸಿಕೊಂಡ. "ಹಾಗಾದ್ರೆ ದೊಡ್ಡ ವಾರ್ಡಿಗಾ, ಡಾಕ್ಟ್ರಮ್ಮಾ?"

"ಇಲ್ಲ. ಇಂಥ ರೋಗದೋರಿಗೆ ಬೇರೆ ಕೋಣೆ. ಹಗಲೂ ರಾತ್ರಿ ಬೀಗ. ತಿಂಗಳುಗಟ್ಟಲೆ."

"ಹೊರಗಿನೋರು ಯಾರೂ ಒಳಗೆ ಬರೋ ಹಾಗಿಲ್ವಾ?"

"ಕಾವಲಿನೋರೇ ಬರಲ್ಲ. ಕಿಂಡೀಲಿ ಊಟ ಕೊಟ್ಟು ಓಡ್ತಾರೆ. ನೀನು ಸತ್ತೇ ಅಂತ ಕೂಗಿದ್ರೂ ಬಾಗಿಲು ತೆಗೆಯಲ್ಲ."

ಅವನಿಗೆ ಆಕೆಯ ಕೈಗೆ ಮುತ್ತಿಡಬೇಕೆನಿಸಿತು. ಇನ್ನು ರುಸ್ನಾಕ್ ಎಷ್ಟು ಚಾಕು ಮಸೆದರೇನು!

ಕಾವಲಿನವನು ಅವನನ್ನು ಕೋಣೆಯೊಳಕ್ಕೆ ದಬ್ಬಿದ. ಹಿಂದೆ ಬೀಗ ಬಿತ್ತು, ಬೂಟಿನ ಸದ್ದು ದೂರವಾಯಿತು. ಇದ್ದದ್ದು ಎರಡೇ ಮಂಚ. ಒಂದರಲ್ಲಿ ಮುಸುಕು ಹಾಕಿ ಮಲಗಿದ್ದವನು ಎದ್ದು ನೋಡಿದ.

"ಬಾಗಿಲು ತೆಗೀರ್ರೋ!" ರುಸ್ನಾಕ್ ಕಿಟಾರನೆ ಕಿರುಚಿ ಬಾಗಿಲಿಗೆ ಹಾರಿ, ಎರಡೂ ಮುಷ್ಟಿಯಿಂದ ಬಡಿಯತೊಡಗಿದ. "ನಂಗೆ ರೋಗಾನೇ ಇಲ್ಲ! ಇವನ ಕೈಗೆ ಸಿಗಬಾರ್ದು ಅಂತ ಪಿಂತ್ಯನ ಕಫ ಬಾಯಲ್ಲಿಟ್ಕೊಂಡು ಬಂದೆ!"