ತಣ್ಣನೆಯ ಮಾಟೆ

ಹಿರಿಯ ಫೆರ್ಮಿನ್ ಸೋರೆಬುರುಡೆಯ ಕೊಳವೆಗೆ ತುಟಿ ಹಚ್ಚಿ, ಮೊದಲ ಗುಟುಕಿಗೇ ಕುಡಿಯುವುದನ್ನು ನಿಲ್ಲಿಸಿಬಿಟ್ಟರು. ಚಹಾದಂತೆ ಬಿಸಿನೀರು ಹಾಕಿ ಕುಡಿಯುವ ಮಾಟೆ ಎಲೆಯ ಮೇಲೆ ಸುರಿದಿದ್ದು ತಣ್ಣೀರು. ಮೊಂಟೆವಿಡಿಯೊದಲ್ಲಿ ಬೇಡದ ಅತಿಥಿಗೆ ಮಾತ್ರ ಹಾಗೆ ಕೊಡುತ್ತಾರೆ. ಅದನ್ನು ಕೊಟ್ಟು ಗ್ಯಾಲರಿಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದ ಸುಲ್ಮಾಳ ಫ್ಲಾಸ್ಕಿನಿಂದ ಹಬೆ ಏಳುತ್ತಿತ್ತು.

ಗವಿಯೋಟಾ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರಾಗಿದ್ದಾಗ ಈ ಮೈದಾನವನ್ನು ಗೋದಾಮಿನವರಿಗೆ ಮಾರಿದ್ದು ಫೆರ್ಮಿನ್ ಅವರೇ. ಇಲ್ಲಿ ಹುಲ್ಲು ಬೆಳೆಸಿದ್ದ ಸುಲ್ಮಾಳ ಗಂಡ ಆ ಕೊರಗಿನಲ್ಲೇ ಸತ್ತ. ಕೇರಿಯವರೆಲ್ಲ ಸೇರಿ ಜಾಗವನ್ನು ಮರಳಿ ಪಡೆದ ಮೇಲೆ ಇಂದು ಮೊದಲ ಪಂದ್ಯ.

“ಏನ್ ಅಧ್ಯಕ್ಷರೇ, ಇವತ್ತೇನ್ ಮಾರಕ್ಕೆ ಬಂದ್ರಿ? ಗೋಲಿನ ಬಲೆನಾ?” ಹಿಂದಿನಿಂದ ಯಾರೋ ಕೂಗಿದರು.

“ಸುಲ್ಮಾ, ಇದು ತಣ್ಣಗಿದೆಯಮ್ಮ,” ಎಂದರು ಫೆರ್ಮಿನ್ ಮೆಲ್ಲಗೆ.

“ಹೌದಾ? ನಮ್ಮನೆಯವರು ಹೋದ್ಮೇಲೆ ನಂಗೆ ಬಿಸಿ ಯಾವ್ದು, ತಣ್ಣಗಿರೋದು ಯಾವ್ದು ತಿಳಿಯಲ್ಲ. ಕುಡೀರಿ.”

ಅವರು ತಲೆ ತಗ್ಗಿಸಿ ಕುಡಿದು ಮುಗಿಸಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಂದು ಬುರುಡೆ ಬಂತು, ಅದೂ ತಣ್ಣಗೆ. ಎಡಗಡೆಯಿಂದ ಮತ್ತೊಂದು. ಫೆರ್ಮಿನ್ ಮೊಣಕಾಲು ಹಿಡಿದುಕೊಂಡು ಏಳಲು ಹೊರಟರು. ಸುಲ್ಮಾ ತಾನು ಕೂತಿದ್ದ ಮೆತ್ತೆಯನ್ನು ಎಳೆದು, ಧೂಳು ತಟ್ಟಿ, ಅವರ ಜಾಗದಲ್ಲಿ ಹಾಕಿದಳು.

“ಸಿಮೆಂಟು ಒತ್ತುತ್ತೆ, ಇದರ ಮೇಲೆ ಆರಾಮಾಗಿ ಕೂತ್ಕೊಳ್ಳಿ. ಇನ್ನೂ ಇಡೀ ಗ್ಯಾಲರಿ ನಿಮಗೆ ಮಾಟೆ ಕೊಡೋದು ಬಾಕಿ ಇದೆ.”