ಆರನೇ ಕುರ್ಚಿ

ಹೊಸಬನಿಗೆ ಹುಚ್ಚು ಹಿಡಿದೇ ಇರಲಿಲ್ಲ ಎಂಬ ಅನುಮಾನ ಟೈಲರಕ್ಕನಿಗೆ ಮೊದಲ ದಿನವೇ ಬಂತು.

ಬೇರೆ ಕಡೆಯಾದರೆ ಇದು ಸಂತೋಷದ ಸುದ್ದಿ. ಇಲ್ಲಿ ಅಲ್ಲ. ಮನಸ್ಸಿನ ಕಾಯಿಲೆಯಿಂದ ಎದ್ದು ಬಂದವರನ್ನೇ, ಈಗ ಅದರಲ್ಲಿ ನರಳುತ್ತಿರುವವರ ಪಕ್ಕ ಕೂರಲು ತಯಾರು ಮಾಡುವ ಕೇಂದ್ರ ಅದು. ಕೆಲಸದ ಹೆಸರು ಜೊತೆಗಾರ. ಬೇಕಾದ ಅರ್ಹತೆ ಒಂದೇ, ಆ ಬಾವಿಗೆ ಒಮ್ಮೆ ಬಿದ್ದು ಮೇಲೆ ಹತ್ತಿರಬೇಕು. ಟೈಲರಕ್ಕ ಎರಡು ಸಲ ಬಿದ್ದವಳು. ಮಾತ್ರೆಯಿಂದ ಕೈ ನಡುಗಿ, ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಬಿಟ್ಟಳು. ಈಗ ಇಲ್ಲಿ ಹೊಸ ಜೊತೆಗಾರರಿಗೆ ಕಲಿಸುತ್ತಾಳೆ.

ತರಬೇತಿಯನ್ನು ಕೇಂದ್ರದ ಡಾಕ್ಟರು ಉದ್ಘಾಟಿಸಿದರು. ಕೆನ್ನೆಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡೇ ನಾಲ್ಕು ಮಾತಾಡಿ ಮಹಡಿ ಹತ್ತಿಬಿಟ್ಟರು.

"ನೋಡಿದ್ಯಾ, ಭಾಷಣದಲ್ಲೂ ಚೀಪೋದು ಬಿಡಲ್ಲ," ಎಂದಳು ಚಹಾದ ಅಜ್ಜಿ. "ಜಿಪುಣತನ ಹೊಟ್ಟೆಗೂ ಇಳಿದಿದೆ ಕಣೇ. ಅರ್ಧ ಲೋಟದ ಮೇಲೆ ಒಂದು ಹನಿ ಚಹಾ ಹಾಕಿದ್ರೂ ವಾಪಸ್ ಕಳಿಸ್ತಾರೆ. ಹೋಗಲಿ ಅಂದ್ರೆ, ಆ ಮನುಷ್ಯನ ಸೂರ್ಯ ಹುಟ್ಟೋದೇ ಹತ್ತು ಗಂಟೆಗೆ!"

"ದೊಡ್ಡೋರು ಬಿಡಜ್ಜಿ," ಎಂದಳು ಟೈಲರಕ್ಕ. ಅವಳ ಕಣ್ಣು ಹೊಸಬನ ಮೇಲಿತ್ತು.

ಹೊಸಬ ಲಾರಿ ಓಡಿಸುತ್ತಿದ್ದವನು. ತನ್ನ ಕಥೆಯನ್ನು ಸೊಗಸಾಗಿ ಹೇಳಿದ. ಗೋಡೆ ಅವನ ಹೆಸರು ಹಿಡಿದು ಕೂಗಿತ್ತಂತೆ. ಅವನು ಗೋಡೆಗೆ ಕಂಬಳಿ ಹೊದಿಸಿ ಬಾಯಿ ಮುಚ್ಚಿಸಿದ್ದನಂತೆ. ಒಂದು ಗಂಟೆ ಹೇಳಿದ. ನಡುವೆ ಒಂದು ಗುಟುಕು ನೀರು ಕೇಳಲಿಲ್ಲ. ತರಬೇತಿಗೆ ಬಂದಿದ್ದ ಉಳಿದ ಐವರ ಕಾಲ ಬಳಿ ಒಂದೊಂದು ನೀರಿನ ಬಾಟಲಿ. ಇವನ ಕಾಲ ಬಳಿ ಬರೀ ಚಪ್ಪಲಿ.

ಮರುದಿನ ಟೈಲರಕ್ಕ ಅವನಿಗೆ ಅಂಚಿನ ತನಕ ಚಹಾ ತುಂಬಿಸಿ ಕೊಟ್ಟಳು. ಹನಿ ಚೆಲ್ಲದೆ, ಹರಟುತ್ತಲೇ ಕೋಣೆ ದಾಟಿಸಿದ. ಅದರ ಮರುದಿನ ತರಗತಿಯನ್ನು ಬೆಳಗ್ಗೆ ಏಳಕ್ಕೆ ಇಟ್ಟಳು. ಐವರು ರಾತ್ರಿ ಮಾತ್ರೆಯ ಮಂಪರಿನಲ್ಲಿ ನೆನೆದ ಕೋಳಿಗಳಂತೆ ತೂಗಾಡುತ್ತ ಬಂದರು. ಇವನು ಸ್ನಾನ ಮಾಡಿ, ಬೈತಲೆ ತೆಗೆದು, ಶಿಳ್ಳೆ ಹಾಕುತ್ತ ಬಂದ.

ಕಳ್ಳ ಸಿಕ್ಕಿದ್ದ. ಹಿಡಿದುಕೊಡುವುದೇ ಕಷ್ಟ. ಆರು ಕುರ್ಚಿ ತುಂಬಿದರೆ ಮಾತ್ರ ತರಬೇತಿ ಎಂದು ಮೇಲಧಿಕಾರಿಗಳ ಆದೇಶ. ಸೋಮವಾರ ತಲೆ ಎಣಿಸಲು ಬರುತ್ತಾರೆ. ಇವನನ್ನು ಎಬ್ಬಿಸಿದರೆ ಐವರೂ ಮನೆಗೆ. ಅವರಲ್ಲೊಬ್ಬಳು ನರ್ಸ್. ಕಾಯಿಲೆ ಬಿದ್ದ ಮೇಲೆ ಹೊಸ್ತಿಲು ದಾಟಿದ್ದೇ ಈ ತರಗತಿಗಾಗಿ.

ಟೈಲರಕ್ಕ ಅವನನ್ನು ಹಿತ್ತಲ ನಲ್ಲಿಯ ಹತ್ತಿರ ಕರೆದಳು.

"ಯಾವ ಮಾತ್ರೆ ನುಂಗ್ತೀಯಪ್ಪ?"

"ಬಿಳೀದು ಅಕ್ಕ."

"ಬಾಯಿ ಒಣಗಲ್ವ?"

"ಛೆ, ಇಲ್ಲ. ನಮ್ಮ ವಂಶದಲ್ಲೇ ಬಾಯಿ ಗಟ್ಟಿ."

ಅವಳು ಸುಮ್ಮನೆ ನೋಡಿದಳು. ಸುಮ್ಮನೆ ನೋಡುವುದು ಈ ಕೆಲಸದ ಮೊದಲ ಪಾಠ. ಲಾರಿಯವನು ಚಪ್ಪಲಿಯಿಂದ ಮಣ್ಣು ಕೆದರಿದ.

"ಭಾವಮೈದುನನ ಕಥೆ ಅಕ್ಕ ಅದು," ಎಂದ ಕೊನೆಗೆ. "ನನಗೆ ಕೆಲಸ ಹೋಗಿತ್ತು. ಎಲ್ಲಿ ಹೋದ್ರೂ ಅನುಭವ ಇದೆಯಾ ಅಂತಾರೆ. ಇಲ್ಲೂ ಹಾಗೇ ಅಂದ್ರು. ಅವನ ಅನುಭವಾನೇ ತಂದುಬಿಟ್ಟೆ."

"ಊರೆಲ್ಲ ಇರೋದನ್ನ ಇಲ್ಲ ಅಂತ ಸುಳ್ಳು ಹೇಳತ್ತೆ. ನೀನೊಬ್ಬ ಇಲ್ಲದ್ದನ್ನ ಇದೆ ಅಂತ ಬಂದೆಯಲ್ಲೋ! ಹೋಗು, ಅವನನ್ನೇ ಕರ್ಕೊಂಡು ಬಾ."

"ಬರಲ್ಲ ಅಕ್ಕ. ಹೆಂಡತಿಗೂ ಹೇಳಿಲ್ಲ ಅವನು. ವಿಟಮಿನ್ ಅಂತ ನುಂಗ್ತಾನೆ."

ಟೈಲರಕ್ಕ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು. ಐವರ ಮುಖ ಕಣ್ಣ ಮುಂದೆ ಬಂತು. ಆದರೆ 'ನಾನೂ ಅಲ್ಲಿದ್ದೆ' ಎನ್ನುವ ಮಾತೊಂದೇ ಇಲ್ಲಿನ ಔಷಧಿ. ಅದನ್ನೂ ಕಲಬೆರಕೆ ಮಾಡಿದರೆ ಎದುರು ಕೂತವರು ಯಾರನ್ನು ನಂಬಬೇಕು? ಅವನ ರಟ್ಟೆ ಹಿಡಿದು ಮಹಡಿ ಹತ್ತಿದಳು. ಹತ್ತು ಗಂಟೆ ಆಗಿತ್ತು. ಡಾಕ್ಟರು ಆಗ ತಾನೇ ಬಂದಿದ್ದರು.

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಭಾವಮೈದುನನ ವಿಟಮಿನ್ ಮಾತನ್ನು ಮಾತ್ರ ಇನ್ನೊಮ್ಮೆ ಹೇಳಿಸಿದರು.

"ನಿಮಗೆ ಹೇಗೆ ಗೊತ್ತಾಯ್ತಮ್ಮ?"

"ಒಂದೊಂದು ಮೈಗೆ ಒಂದೊಂದು ಥರ ಡಾಕ್ಟ್ರೇ. ಆದ್ರೆ ಮಾತ್ರೆ ನುಂಗೋರಿಗೆ ಏನಾದ್ರೂ ಒಂದು ಗುರುತು ಸಿಗತ್ತೆ. ಬಾಯಿ ಒಣಗಿ ಏನಾದ್ರೂ ಚೀಪ್ತಿರ್ತಾರೆ. ತುಂಬಿದ ಲೋಟ ಹಿಡಿದ್ರೆ ಚೆಲ್ತಾರೆ. ಬೆಳಗ್ಗೆ ಕಣ್ಣು ಬಿಡಲ್ಲ. ಇವನು ನೋಡಿ, ಗುಂಡುಕಲ್ಲು!"

ಗುಂಡುಕಲ್ಲು ತಲೆ ತಗ್ಗಿಸಿತು.

ಡಾಕ್ಟರು ಕಿಟಕಿಯಾಚೆ ನಿಂತಿದ್ದ ವ್ಯಾನಿನ ಕಡೆ ಕೈ ತೋರಿಸಿದರು. "ನಮ್ಮ ವ್ಯಾನಿಗೆ ಡ್ರೈವರ್ ಇಲ್ಲ," ಎಂದರು. "ಬೆಳಗ್ಗೆ ಶಿಳ್ಳೆ ಹಾಕ್ತಾ ಏಳೋನು ಒಬ್ಬ ಬೇಕಾಗಿತ್ತು. ನಾಳೆಯಿಂದ ಬಾರಪ್ಪ."

ಲಾರಿಯವನು ಮೂರು ಸಲ ಕೈಮುಗಿದು, ಅವರು ಮನಸ್ಸು ಬದಲಿಸುವ ಮುಂಚೆ ಮೆಟ್ಟಿಲಿಳಿದ.

"ಅವನೇನೋ ದಡ ಸೇರಿದ," ಎಂದಳು ಟೈಲರಕ್ಕ. "ನನ್ನ ಐವರ ಗತಿ? ಸೋಮವಾರದೊಳಗೆ ಆರನೆಯವರನ್ನ ಎಲ್ಲಿಂದ ತರಲಿ? ಇರೋರೆಲ್ಲ ಬಚ್ಚಿಟ್ಕೊಂಡು ಕೂತಿದಾರೆ."

ಅಜ್ಜಿ ಬಂದು ಚಹಾ ಇಟ್ಟು, ಹುಬ್ಬು ಹಾರಿಸಿ ಹೋದಳು. ಡಾಕ್ಟರು ಎದ್ದು ಬಾಗಿಲು ಹಾಕಿದರು. ಕೆನ್ನೆಯಲ್ಲಿದ್ದ ಪೆಪ್ಪರಮೆಂಟನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು. ಅರ್ಧ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಾನು ಕೂರ್ತೀನಿ ಅಕ್ಕ. ಆದ್ರೆ ತರಗತಿ ಹತ್ತಕ್ಕಿಂತ ಮುಂಚೆ ಇಡಬೇಡಿ, ನನ್ನ ರಾತ್ರಿ ಮಾತ್ರೆ ಇಳಿಯೋದೇ ಆಗ."