ಅಭಿಪ್ರಾಯ ಬರೆಯದ ಪುಸ್ತಕ

ಸಾಸವಡದ ಬಟ್ಟೆ ಅಂಗಡಿಯ ಶಿವಪ್ಪನಿಗೆ ಸುದ್ದಿ ಮುಟ್ಟಿದ್ದು ಬೆಳಿಗ್ಗೆ ಎಂಟಕ್ಕೆ. ಆಗಷ್ಟೇ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚಿದ್ದ. ಫೋನು ಬಂತು. ಆ ಕಡೆಯಿಂದ ಮಾತಾಡಿದವನು ಮಾಂತು, ನಿಗಡಿಯಲ್ಲಿರುವ ಗೆಳೆಯ ಮಲಕಪ್ಪನ ಮಗ.

“ಕಾಕಾ, ಅಪ್ಪ ಹೋಗಿಬಿಟ್ರು. ಜಳಕಕ್ಕ ನೀರು ಕಾಸು ಅಂದ್ರು, ಕಾಯೂದ್ರಾಗ ಎಲ್ಲಾ ಮುಗೀತು. ನಾಕಕ್ಕ ಎತ್ತೂದದ. ನೀವು ಬರ್ರಿ.”

ಶಿವಪ್ಪ ಬಾಗಿಲು ಮತ್ತೆ ಎಳೆದ. ಹೊರಡುವ ಮುನ್ನ ಗೋಡೆಯ ಗಡಿಯಾರದ ಹಿಂದಿನಿಂದ ಒಂದು ಪೋಸ್ಟ್ ಕಾರ್ಡು ತೆಗೆದು ಜೇಬಿಗಿಟ್ಟುಕೊಂಡ. ಮಲಕಪ್ಪನ ಕಾರ್ಡು. ಬಂದು ಎಂಟು ದಿನವಾಗಿತ್ತು. ಅವನು ಅದನ್ನು ಓದಿರಲಿಲ್ಲ.

ಕಾರಖಾನೆಯ ಕಾರಕೂನಿಕೆಯಿಂದ ನಿವೃತ್ತನಾದ ಮೇಲೆ ಮಲಕಪ್ಪನಿಗೆ ಎರಡೇ ಕೆಲಸ ಉಳಿದಿದ್ದವು. ಹಗಲಿಗೆ ಕನ್ನಡ ಸಂಘದ ಗ್ರಂಥಾಲಯದ ಪುಸ್ತಕ, ಸಂಜೆಗೆ ಟೀವಿಯ ಧಾರಾವಾಹಿ. ಎರಡರ ಮೇಲಿನ ಅಭಿಪ್ರಾಯ ವಾರಕ್ಕೊಂದು ಕಾರ್ಡಿನಲ್ಲಿ ಸಾಸವಡಕ್ಕೆ ಬರುತ್ತಿತ್ತು. ಯಾರ ಮುಲಾಜೂ ಇಲ್ಲದ ಅಭಿಪ್ರಾಯ. ‘ಈ ಕಾದಂಬರಿಯಲ್ಲಿ ಬಾವಿಗೆ ಬಿದ್ದವಳನ್ನು ಮೇಲೆತ್ತಲು ನಲವತ್ತು ಪುಟ ಬೇಕಾಯಿತು. ಹಗ್ಗ ಹಿಡಿದವನಿಗೆ ಬೇರೆ ಉದ್ಯೋಗವಿರಲಿಲ್ಲವೆಂದು ಕಾಣುತ್ತದೆ.’ ‘ಧಾರಾವಾಹಿಯ ಸೊಸೆ ಜರಿ ಸೀರೆ ಉಟ್ಟು ಅಡಿಗೆಮನೆಯಲ್ಲಿ ನಿಂತು ವರ್ಷವಾಯಿತು. ಒಂದು ರೊಟ್ಟಿ ಬಡಿದದ್ದನ್ನು ನಾನು ಕಾಣೆ.’ ಶಿವಪ್ಪ ಇವನ್ನು ಗಿರಾಕಿಗಳಿಗೂ ಓದಿ ಹೇಳಿ ನಗುತ್ತಿದ್ದ.

ಆ ವರ್ಷದ ಯುಗಾದಿಗೆ ಶಿವಪ್ಪನದೇ ಒಂದು ಪುಸ್ತಕ ಹೊರಬಂತು. ವ್ಯಾಪಾರದ ಬಿಡುವಿನಲ್ಲಿ ಬರೆದಿಟ್ಟ ನೂರೆಂಟು ಪ್ರಾರ್ಥನೆಗಳು. ಸೊಲ್ಲಾಪುರದಲ್ಲಿ ಅಚ್ಚು ಹಾಕಿಸಿ ಮೊದಲ ಪ್ರತಿಯನ್ನು ನಿಗಡಿಗೆ ಕಳಿಸಿ, ಅಭಿಪ್ರಾಯಕ್ಕೆ ಕಾದ. ಕಾರ್ಡುಗಳು ಬಂದವು. ಒಂದರಲ್ಲಿ ಪತ್ತೇದಾರಿ ಕಾದಂಬರಿ, ಒಂದರಲ್ಲಿ ಧಾರಾವಾಹಿಯ ಅತ್ತೆಯ ಕುತಂತ್ರ. ಪ್ರಾರ್ಥನೆಗಳ ಮಾತೇ ಇಲ್ಲ. ನಾಚಿಕೆ ಬಿಟ್ಟು ಪುಸ್ತಕ ಮುಟ್ಟಿತೇ ಎಂದು ಕೇಳಿದ. ‘ಮುಟ್ಟಿತು’ ಎಂದು ಒಂದು ಸಾಲು ಬಂತು, ಕೆಳಗೆ ಮತ್ತೆ ಅತ್ತೆ. ಬಾವಿಗೆ ಬಿದ್ದವಳ ಯೋಗ್ಯತೆಯೂ ತನ್ನ ದೇವರಿಗೆ ಇಲ್ಲವಾಯಿತೇ ಎಂದು ಶಿವಪ್ಪನ ಮನಸ್ಸು ಕಹಿಯಾಯಿತು. ಉತ್ತರ ಬರೆಯುವುದನ್ನು ಬಿಟ್ಟ. ಕಡೆಗೆ ಓದುವುದನ್ನೂ ಬಿಟ್ಟ.

ನಿಗಡಿಗೆ ಹೊರಟ ಶಿವಪ್ಪ ದಿವೆ ಘಾಟ್ ಇಳಿಯುವ ಬಸ್ಸಿನಲ್ಲಿ ಜೇಬಿನ ಕಾರ್ಡು ತೆಗೆದ. ‘ಹೊಸ ಧಾರಾವಾಹಿಯಲ್ಲಿ ಅಣ್ಣತಮ್ಮಂದಿರಿಬ್ಬರು ಅರವತ್ತು ಕಂತಿನಿಂದ ಮಾತು ಬಿಟ್ಟಿದ್ದಾರೆ. ಎದುರು ಕೂತು ಒಂದು ಮಾತು ಕೇಳಿದರೆ ತೀರುವ ಜಗಳ. ಕೇಳಿದರೆ ಕಥೆ ನಡೆಯುವುದಿಲ್ಲ, ಅದಕ್ಕೆ ಕೇಳುತ್ತಿಲ್ಲ. ನಿನ್ನ ಕಾರ್ಡು ಬಂದು ತಿಂಗಳಾಯಿತು. ಮೈಯಲ್ಲಿ ಹುಷಾರಿದ್ದೀಯಾ?’ ಎರಡನೆಯ ಸಲ ಓದಲು ಹೋದರೆ ಅಕ್ಷರಗಳು ಕಾಣಲಿಲ್ಲ.

ನಿಗಡಿಯ ಮನೆಯಲ್ಲಿ ಮಲಕಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ. ದಿನಾ ಸಂಜೆ ಅವನು ಕೂಡುತ್ತಿದ್ದ ಜಾಗವೇ ಅದು. ಎದುರಿನ ಟೀವಿಗೆ ಯಾರೋ ಚಾದರ ಹೊದಿಸಿದ್ದರು. ಪಕ್ಕದ ಕಪಾಟಿನಲ್ಲಿ ಪುಸ್ತಕಗಳು, ಪ್ರತಿಯೊಂದರಿಂದಲೂ ಅಭಿಪ್ರಾಯ ಬರೆದ ಚೀಟಿಯೊಂದು ಇಣುಕುತ್ತಿತ್ತು. ಹೆಣದ ಮುಂದೆ ನಿಂತು ತಾನು ಹುಡುಕುತ್ತಿರುವುದೇನು ಎಂದು ಶಿವಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಕಣ್ಣು ಕೆಳಗಿನ ಸಾಲಿನವರೆಗೆ ಹೋಗಿ ಬಂತು. ತನ್ನ ಹಳದಿ ರಟ್ಟಿನ ಪುಸ್ತಕ ಅಲ್ಲಿರಲಿಲ್ಲ. ರದ್ದಿಗೆ ಹೋಗಿರಬೇಕು ಅಂದುಕೊಂಡ.

ಮಲಕಪ್ಪನ ಹೆಂಡತಿ ನಾಗವ್ವ ಒಳಗಿನಿಂದ ಬಂದಳು. ಅತ್ತು ಮುಗಿದ ಮುಖ. “ಶಿವಪ್ಪಣ್ಣಾರ, ಭಜನಿ ಮಂದಿ ಇನ್ನೂ ಬಂದಿಲ್ಲ. ನೀವರ ಓದ್ರಿ. ಇವತ್ತಿಂದು ಓದೂದು ಉಳದದ.”

“ಏನ್ ಓದ್ಲಿ, ವೈನಿ?”

“ನಿಮ್ಮ ಪುಸ್ತಕಾನ. ಮತ್ಯಾವುದು?”

ಅವಳು ದೇವರ ಜಗಲಿಯಿಂದ ತಂದು ಕೊಟ್ಟಳು. ಮಡಿಬಟ್ಟೆಯಲ್ಲಿ ಸುತ್ತಿದ್ದ ಹಳದಿ ಪುಸ್ತಕ. ಪುಟದ ಮೂಲೆಗಳಲ್ಲೆಲ್ಲ ವಿಭೂತಿಯ ಬೆರಳಚ್ಚು ಮೂಡಿತ್ತು. ನಡುವೆ ಒಂದು ಒಣಗಿದ ಬಿಲ್ವಪತ್ರೆ. ಯುಗಾದಿಯಿಂದ ಮಲಕಪ್ಪ ದಿನಾ ಜಳಕ ಮಾಡಿ ಒಂದೊಂದು ಓದುತ್ತಿದ್ದನಂತೆ. ನೂರೆಂಟೂ ಮುಗಿದು ಎರಡನೆಯ ಸುತ್ತು ನಡೆದಿತ್ತಂತೆ.

“ಶಿವಪ್ಪಣ್ಣಾರು ದಾರಿ ಕಾಯ್ತಿರ್ತಾರ, ನಾಕು ಸಾಲು ಬರೀರಿ ಅಂತ ನಾನೂ ಅಂದೆ. ‘ಜಗಲಿ ಮ್ಯಾಲ ಇಟ್ಟಿದ್ದಕ್ಕ ಯಾರರ ಅಭಿಪ್ರಾಯ ಬರೀತಾರೇನ, ಹುಚ್ಚಿ’ ಅಂದ್ರು.”

ಶಿವಪ್ಪ ಗೆಳೆಯನ ಎದುರಿಗೆ ಕುಳಿತು ಪತ್ರೆಯಿದ್ದ ಪುಟ ತೆರೆದ. ಅಂಗಡಿ ಬಾಗಿಲು ತೆಗೆಯುವಾಗಿನ ಪ್ರಾರ್ಥನೆ. ‘ತಂದೆಯೇ, ಇಂದು ನನ್ನ ಬಾಗಿಲಿಗೆ ಬಂದವರು ಬರಿಗೈಲಿ ಹೋಗದಿರಲಿ.’ ಮೂರನೆಯ ಸಾಲಿನಲ್ಲಿ ತಾವರೆ, ಚಂದ್ರ ಎಂದೇನೋ ಅಲಂಕಾರ ಬಂತು. ಅದು ಹೆಚ್ಚಾಯಿತೆಂದು ಅವನಿಗೆ ಮೊದಲ ಸಲ ಅನಿಸಿತು. ಆ ಸಾಲು ಬಿಟ್ಟು ಓದಿದ. ಮುಗಿಸಿ ತಲೆಯೆತ್ತಿ, ಮಲಕಪ್ಪನ ಮುಖ ನೋಡುತ್ತ ಒಂದು ಗಳಿಗೆ ಕಾದ.

ಆಮೇಲೆ ಪುಸ್ತಕ ಮುಚ್ಚಿ ಕೈಮುಗಿದ.

“ತಂದೆ, ನನ್ನ ಮಲಕಪ್ಪ ನಿನ್ನ ಬಾಗಿಲಿಗೆ ಬಂದಾನ. ಅವನ ಜೀವಕ್ಕ ಶಾಂತಿ ಕೊಡು.”